ಬ್ಯಾಟ್ ಬಿಸಾಡು ಮಾರಾಯ!

ಕೆಲವರನ್ನು ಅದೃಷ್ಟ ಹುಡುಕಿಕೊಂಡು ಬರುತ್ತದೆ, ಕೆಲವರನ್ನು ನೆಂಟರು. ನನ್ನನ್ನು ಹುಡುಕಿಕೊಂಡು ಬರುವುದು ನಾಚಿಕೆ. ಅದೂ ನಾನೊಬ್ಬನೇ ಇರುವಾಗ ಬರುವುದಿಲ್ಲ, ನಾಲ್ಕು ಜನ ಸೇರಿದ್ದಾರೆಯೇ ಎಂದು ನೋಡಿಕೊಂಡೇ ಬರುತ್ತದೆ.

ಕುವೈತಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಬೇಸ್‌ಬಾಲ್ ಕೋಚ್. ಇಪ್ಪತ್ತು ವರ್ಷದ ಮೇಲಾಯಿತು. ಮಂಗಳೂರು ಕಡೆಯವನು ಬೇಸ್‌ಬಾಲ್ ಕೋಚ್ ಆದದ್ದು ಹೇಗೆ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ನಾನು ಇಲ್ಲಿಗೆ ಬಂದದ್ದು ವ್ಯಾಯಾಮ ವಿಭಾಗದ ಸಹಾಯಕನಾಗಿ. ಕಾಲೇಜು ಅಮೆರಿಕದ ಮಾದರಿಯದ್ದು, ಆದ್ದರಿಂದ ಬೇಸ್‌ಬಾಲ್ ತಂಡ ಬೇಕೇ ಬೇಕು ಎಂದು ಮೇಲಿನವರ ಹಟ. ಈಜಿಪ್ಟಿನವರಾದ ನಮ್ಮ ಡೈರೆಕ್ಟರ್ ನನ್ನನ್ನು ಕರೆದು, "ನೀನು ಕ್ರಿಕೆಟ್ ಆಡಿದವನಲ್ಲವೇ?" ಎಂದರು. "ಆಡಿದ್ದೇನೆ ಸರ್, ಆದರೆ ಬೇಸ್‌ಬಾಲ್ ಬೇರೆಯೇ ಆಟ, ನಾನು ಅದನ್ನು ನೋಡಿಯೂ ಇಲ್ಲ" ಎಂದೆ. "ಅದರಲ್ಲೂ ಬ್ಯಾಟು ಇದೆ, ಇದರಲ್ಲೂ ಬ್ಯಾಟು ಇದೆ. ಯಲ್ಲಾ, ನಡಿ!" ಎಂದುಬಿಟ್ಟರು. ನನ್ನ ನೇಮಕಾತಿ ಅಲ್ಲಿಗೆ ಮುಗಿಯಿತು.

ಈ ವರ್ಷ ನಾನು ಕೆಲಸ ಬಿಟ್ಟು ಊರಿಗೆ ಹೊರಟಿದ್ದೇನೆ. ಮಗಳು ಇದೇ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹೊರಡುವ ಮೊದಲು ಒಂದು ದಿನ, ಒಂದೇ ಒಂದು ದಿನ, ಅವಳ ಕಣ್ಣೆದುರು ಮಾನ ಉಳಿಸಿಕೊಂಡು ಮೈದಾನದಿಂದ ಹೊರಗೆ ಬರಬೇಕು ಎಂಬುದು ನನ್ನ ದೊಡ್ಡ ಆಸೆಯಾಗಿತ್ತು. ಆ ಆಸೆ ಯಾಕೆ ಹುಟ್ಟಿತು, ಅದರ ಗತಿ ಏನಾಯಿತು ಎಂದು ಹೇಳುತ್ತೇನೆ.

ಮೊದಲ ಪಂದ್ಯ

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೇಸ್‌ಬಾಲಿನಲ್ಲಿ ಚೆಂಡು ಬ್ಯಾಟಿಗೆ ಸರಿಯಾಗಿ ತಾಗಿ ಮೈದಾನದೊಳಗೆ ಬಿದ್ದರೆ ಓಡಲೇಬೇಕು. ಬ್ಯಾಟನ್ನು ಅಲ್ಲೇ ಬಿಸಾಡಿ ಬಲಗಡೆಯ ಮೊದಲ ಬೇಸಿಗೆ, ಅಂದರೆ ನೆಲದಲ್ಲಿಟ್ಟ ಚೌಕಕ್ಕೆ, ಚೆಂಡಿಗಿಂತ ಮೊದಲು ಓಡಿ ಮುಟ್ಟಬೇಕು. ಅಲ್ಲಿಂದ ಎರಡು, ಮೂರು ಎಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಂದು ರನ್ನು. ಎದುರಿಗೆ ನಿಂತು ಚೆಂಡೆಸೆಯುವವನು ಪಿಚ್ಚರ್. ಅವನ ಹತ್ತಿರ ನಮಗೆ ಏನೂ ಕೆಲಸವಿಲ್ಲ.

ಇಷ್ಟನ್ನು ನಾನು ಪುಸ್ತಕ ಓದಿ, ವಿಡಿಯೋ ನೋಡಿ ಕಲಿತು ಹುಡುಗರಿಗೆ ಹೇಳಿಕೊಟ್ಟಿದ್ದೆ. ಅವರು ತಲೆ ಆಡಿಸಿದ್ದರು. ಆದರೆ ತಂಡದ ಅರ್ಧದಷ್ಟು ಜನ ನಮ್ಮ ದೇಶದವರೇ, ಹವಲ್ಲಿ ಬಡಾವಣೆಯ ಫ್ಲಾಟುಗಳ ಕೆಳಗೆ, ನಿಂತ ಕಾರುಗಳ ನಡುವೆ ಕ್ರಿಕೆಟ್ ಆಡಿ ಬೆಳೆದವರು. ತಲೆಗೆ ಹೋದದ್ದು ಕಾಲಿಗೆ ಇಳಿದಿರಲಿಲ್ಲ.

ಮೊದಲ ಪಂದ್ಯ ಫಿಲಿಪ್ಪೀನಿನವರ ಒಂದು ತಂಡದ ಮೇಲೆ. ನಮ್ಮ ಮೊದಲ ಹುಡುಗ, ಹವಲ್ಲಿಯವನು, ಚೆಂದಕ್ಕೆ ಹೊಡೆದ. ಚೆಂಡು ಇಬ್ಬರ ನಡುವೆ ನುಗ್ಗಿ ಹೋಯಿತು. ನಾನು ಕುಣಿಯುವುದೊಂದು ಬಾಕಿ. ಅವನು ನಿಂತಲ್ಲೇ ನಿಂತು ಅಂಗೈ ಎತ್ತಿ "ನೋ! ನೋ!" ಎಂದು ಕೂಗಿದ. ಚೆಂಡು ಮೊದಲ ಬೇಸಿಗೆ ಬಂತು, ಔಟಾದ.

"ಯಾರಿಗೆ ಮಾರಾಯ ನೋ ಅಂತ ಹೇಳಿದ್ದು? ಆಚೆ ಕಡೆ ಯಾರೂ ಇಲ್ಲವಲ್ಲ!" ಎಂದೆ.

"ಅಲ್ಲಿ ರನ್ ಇರ್ಲಿಲ್ಲ ಸರ್. ಸುಮ್ನೆ ರಿಸ್ಕ್ ಯಾಕೆ?" ಎಂದ.

ಎರಡನೆಯವನು ಓಡಿದ, ಆದರೆ ಬ್ಯಾಟನ್ನು ಹಿಡಿದುಕೊಂಡೇ ಓಡಿದ. ಮೊದಲ ಬೇಸಿನಲ್ಲಿ ಬ್ಯಾಟಿನ ತುದಿ ಊರಿ, ಗರ್ರನೆ ತಿರುಗಿ, ಎರಡನೇ ರನ್ನಿಗೆ ಹೊರಟಲ್ಲಿಗೇ ವಾಪಸು ಬಂದ. ಬಂದು "ಟೂ ಸರ್!" ಎಂದು ಬೆರಳು ತೋರಿಸಿದ. ನಾನು ಟೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡೆ.

ಮೂರನೆಯವನು ಇವರಿಬ್ಬರಿಗಿಂತ ಗಟ್ಟಿಗ. ಹೊಡೆದವನೇ ಬ್ಯಾಟನ್ನು ಎತ್ತಿ ಹಿಡಿದು ನೇರವಾಗಿ ಪಿಚ್ಚರನ ಕಡೆಗೆ ಓಡಿದ. ಕ್ರಿಕೆಟಿನಲ್ಲಿ ಓಡುವುದು ಹಾಗೇ ಅಲ್ಲವೇ, ಎದುರಿಗೆ! ಆದರೆ ಆ ಬಡಪಾಯಿ ಫಿಲಿಪ್ಪೀನಿನವನಿಗೆ ಏನು ಗೊತ್ತು? ಆರಡಿ ಎತ್ತರದ ಹುಡುಗ ಬ್ಯಾಟು ಎತ್ತಿಕೊಂಡು ತನ್ನ ಮೇಲೆ ಬರುವುದನ್ನು ಕಂಡು, ಕೈಗವಸು ಕಳಚಿ ಎಸೆದು, ಮೈದಾನದ ಹೊರಗೆ ಓಟ ಕಿತ್ತ. ಪಾರ್ಕಿಂಗಿನವರೆಗೂ ತಿರುಗಿ ನೋಡಲಿಲ್ಲ.

ಅವರ ಕ್ಯಾಪ್ಟನ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಕೋಚ್, ನಮ್ಮ ಹುಡುಗ ನಿಮ್ಮವರಿಗೆ ಏನಾದರೂ ಅಂದನೇ? ಅಂದಿದ್ದರೆ ನಾನೇ ಕ್ಷಮೆ ಕೇಳುತ್ತೇನೆ."

ನನ್ನ ಕೊಡುಗೆ

ಅವತ್ತಿನಿಂದ ನನ್ನ ಬಾಯಲ್ಲಿ ಒಂದೇ ಮಂತ್ರ: "ಬ್ಯಾಟ್ ಬಿಸಾಡು ಮಾರಾಯ!" ಇಂಗ್ಲಿಷಿನಲ್ಲಿ ಹೇಳಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗುತ್ತಿದ್ದೆ. ಆದರೆ ಹುಡುಗ ಬ್ಯಾಟು ಹಿಡಿದು ಓಡುವುದನ್ನು ನೋಡಿದ ಕೂಡಲೇ ಹೊಟ್ಟೆಯೊಳಗಿಂದ ಬರುತ್ತಿದ್ದದ್ದು ಊರಿನ ಮಾತೇ.

ವರ್ಷಗಳು ಕಳೆದ ಹಾಗೆ ನಮ್ಮವರು ಮಾತ್ರವಲ್ಲ, ಈಜಿಪ್ಟಿನವರು, ಸಿರಿಯಾದವರು, ಕುವೈತಿ ಹುಡುಗರು, ಎಲ್ಲರೂ ಅದನ್ನೇ ಕೂಗತೊಡಗಿದರು. ಹಿರಿಯರು ಕಿರಿಯರಿಗೆ ಕಲಿಸಿದರು. ಅದು ಕನ್ನಡ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಜಹ್ರಾದ ಒಬ್ಬ ಕುವೈತಿ ಹುಡುಗ ನಮ್ಮಲ್ಲಿ ಆಡಿ, ಮುಂದೆ ಓದಲು ಅಮೆರಿಕಕ್ಕೆ ಹೋದ. ಅಲ್ಲಿಯ ಕಾಲೇಜಿನ ಬೇಸ್‌ಬಾಲ್ ತಂಡದ ಜೊತೆ ಅಭ್ಯಾಸಕ್ಕೂ ಹೋದ. ನನಗೆ ಹೆಮ್ಮೆಯೋ ಹೆಮ್ಮೆ. ಒಂದು ವಾರದಲ್ಲಿ ಅವನ ವಾಯ್ಸ್ ಮೆಸೇಜು ಬಂತು:

"ಕೋಚ್, ನಾನು ಇಲ್ಲಿ ಬಿಸಾಡು ಮಾರಾಯ ಅಂತ ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಇಲ್ಲಿಯ ಕೋಚ್ ಹುಟ್ಟಿದಾಗಿನಿಂದ ಬೇಸ್‌ಬಾಲಿನಲ್ಲೇ ಇದ್ದಾರಂತೆ, ಅವರೂ ಈ ಪದ ಕೇಳಿಲ್ಲವಂತೆ. ಕೋಚ್, ಇವರಿಗೆ ಆಟ ಸರಿಯಾಗಿ ಗೊತ್ತಿಲ್ಲ ಅಂತ ಕಾಣುತ್ತದೆ."

ಕೆನ್ನೆಯ ಗುಟ್ಟು

ಬೇಸ್‌ಬಾಲಿನಲ್ಲಿ ಕೋಚ್ ಬಾಯಿಬಿಟ್ಟು ಹೇಳುವುದಿಲ್ಲ, ಸನ್ನೆ ಮಾಡುತ್ತಾನೆ. ಬೇಸಿನಲ್ಲಿ ನಿಂತವನು ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಬಹುದು. ಯಾವಾಗ ಓಡಬೇಕೆಂದು ಕೋಚ್ ಗುಟ್ಟಾಗಿ ತಿಳಿಸಬೇಕು. ನಾನೂ ಸನ್ನೆಗಳನ್ನು ಮಾಡಿಕೊಟ್ಟೆ. ಟೊಪ್ಪಿ ಮುಟ್ಟಿದರೆ ನಿಲ್ಲು, ಬೆಲ್ಟ್ ಮುಟ್ಟಿದರೆ ಹೊಡೆ, ಎರಡೂ ಕೆನ್ನೆ ಮುಟ್ಟಿದರೆ ಓಡು.

ಕೆನ್ನೆಯನ್ನು ಆರಿಸಿದ್ದು ನನ್ನ ಗ್ರಹಚಾರ. ಕಷ್ಟ ಬಂದಾಗ ಊರಿನ ದೈವವನ್ನು ನೆನೆದು, ಕೈ ಅಡ್ಡ ಮಾಡಿ, ತಪ್ಪಾಯ್ತಪ್ಪಾ ಎಂದು ಎರಡೂ ಕೆನ್ನೆ ಬಡಿದುಕೊಳ್ಳುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಅಜ್ಜಿ ಕಲಿಸಿದ್ದು, ನಿದ್ದೆಯಲ್ಲೂ ತಪ್ಪುವುದಿಲ್ಲ.

ಮೀನಾ ಅಲ್ ಅಹ್ಮದಿ ಬಂದರಿನ ಕಡೆಯ ಇಂಜಿನಿಯರುಗಳ ಒಂದು ತಂಡದ ಜೊತೆ ಪಂದ್ಯ. ಗೆಲ್ಲಲು ಎರಡೇ ರನ್ನು ಬೇಕು. ಮೂರೂ ಬೇಸಿನಲ್ಲಿ ನಮ್ಮ ಹುಡುಗರು ನಿಂತಿದ್ದಾರೆ. ಸುಮ್ಮನೆ ನಿಂತು ಇನ್ನೊಂದು ಒಳ್ಳೆಯ ಹೊಡೆತಕ್ಕೆ ಕಾದಿದ್ದರೆ ಸಾಕಿತ್ತು, ಗೆಲುವು ಕೈಗೆ ಬಂದಂತೆಯೇ ಇತ್ತು. ದೈವವೇ, ಇದೊಂದು ನಡೆಸಿಕೊಡು ಎಂದು ಕಣ್ಣು ಮುಚ್ಚಿದೆ. ಕೈ ತಾನಾಗಿ ಕೆನ್ನೆಗೆ ಹೋಯಿತು. ಕಣ್ಣು ಬಿಡುವಾಗ ಮೂವರೂ ಓಡುತ್ತಿದ್ದರು. ಅಯ್ಯೋ ತಪ್ಪಾಯ್ತು ಎಂದು ಗಾಬರಿಯಲ್ಲಿ ಮತ್ತೆ ಕೆನ್ನೆ ಬಡಿದುಕೊಂಡೆ. ಅವರು ಇನ್ನೂ ಜೋರಾಗಿ ಓಡಿದರು. ಓಡಿ, ಔಟಾಗಿ, ಪಂದ್ಯ ಸೋತು, ನನ್ನ ಮುಖವನ್ನೇ ನೋಡುತ್ತಾ ನಿಂತರು.

ಇದು ಒಂದು ಸಲವಲ್ಲ, ಎಷ್ಟೋ ಸಲ ಆಯಿತು. ಸನ್ನೆ ಬದಲಿಸಿದರೂ ಹುಡುಗರು ಕೆನ್ನೆಯನ್ನು ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಆ ಇಂಜಿನಿಯರುಗಳ ತಂಡದ ಕೋಚ್, ಒಬ್ಬ ಅಮೆರಿಕನ್, ಊರಿಗೆ ಹೋಗುವ ಮೊದಲು ನನ್ನ ಕೈ ಹಿಡಿದುಕೊಂಡು ಕೇಳಿದ: "ಗೆಳೆಯಾ, ಈಗಲಾದರೂ ಹೇಳು. ಆ ಕೆನ್ನೆಯ ಸನ್ನೆಯ ಅರ್ಥ ಏನು? ಗೆಲ್ಲುವ ಹೊತ್ತಿಗೇ ಅದನ್ನು ಮಾಡಿ ಸೋಲುತ್ತೀಯಲ್ಲ, ಅದರ ಹಿಂದಿನ ತಂತ್ರ ನನಗೆ ಇವತ್ತಿಗೂ ಹೊಳೆದಿಲ್ಲ."

ಅದೊಂದು ದೀರ್ಘಕಾಲದ ಯೋಜನೆ ಎಂದು ಹೇಳಿ ಕಳಿಸಿದೆ.

ಡಿಕ್ಕಿ

ಮಗಳು ಚಿಕ್ಕವಳಿರುವಾಗ ನಮ್ಮಿಬ್ಬರಿಗೂ ದಿನಾ ಕ್ರಿಕೆಟ್. ಫ್ಲಾಟಿನ ಕಾರಿಡಾರಿನಲ್ಲಿ, ಪ್ಲಾಸ್ಟಿಕ್ ಬ್ಯಾಟಿನಲ್ಲಿ, ಲಿಫ್ಟಿನ ಬಾಗಿಲೇ ವಿಕೆಟ್. ಆಗ ನಾನು ಅವಳ ಕಣ್ಣಿಗೆ ದೊಡ್ಡ ಆಟಗಾರ. ಶಾಲೆ ಸೇರಿ ನಾಲ್ಕು ಅಕ್ಷರ ಕಲಿತ ಮೇಲೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು, ನನ್ನನ್ನು ಸರಿಯಾಗಿ ನೋಡತೊಡಗಿದಳು. ಅಲ್ಲಿಂದ ನನ್ನ ಇಳಿಗಾಲ.

ಒಂದು ಸಂಜೆ ಅವಳನ್ನು ಶಾಲೆಯಿಂದ ಕರೆದುಕೊಂಡು ಜಹ್ರಾದ ದಾರಿಯಲ್ಲಿ ಹೋಗುತ್ತಿದ್ದೆ. ಹೆಂಡತಿ ಅಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ಅವಳನ್ನೂ ಕರೆದುಕೊಳ್ಳಬೇಕಿತ್ತು. ಚೆಕ್‌ಪಾಯಿಂಟಿನಲ್ಲಿ ಪೊಲೀಸ್ ಕೈ ತೋರಿಸಿದ. ಡಿಕ್ಕಿ ತೆಗೆದೆ. ಒಳಗೆ ಬ್ಯಾಟುಗಳ ರಾಶಿ, ಬ್ಯಾಟಿನವನ ಹಿಂದೆ ಚೆಂಡು ಹಿಡಿಯುವವನು ಹಾಕಿಕೊಳ್ಳುವ ಮೂರು ಕಬ್ಬಿಣದ ಮುಖವಾಡ.

"ಇದೇನು?"

"ಬೇಸ್‌ಬಾಲ್ ಸರ್. ನಾನು ಕೋಚ್."

"ಚೆಂಡು ಎಲ್ಲಿ?"

ಚೆಂಡು ಇರಲಿಲ್ಲ. ಇದ್ದ ಚೆಂಡುಗಳೆಲ್ಲ ಅವತ್ತೇ ಕಾಲೇಜಿನ ಪಕ್ಕದ ಕಾಂಪೌಂಡಿನೊಳಗೆ ಬಿದ್ದಿದ್ದವು. ಪೊಲೀಸ್ ನಗುಮುಖದವನೇ. ಕೋಚ್ ಆದರೆ ಆಡಿ ತೋರಿಸು ಎಂದ. ಹಿಂದೆ ಕಾರುಗಳ ಸಾಲು. ನಾನು ರಸ್ತೆ ಬದಿಯಲ್ಲಿ ನಿಂತು, ಇಲ್ಲದ ಚೆಂಡನ್ನು ಬೀಸಿ ಹೊಡೆದೆ. ಅವನಿಗೆ ಸಮಾಧಾನವಾಗಲಿಲ್ಲ, ಇನ್ನೊಮ್ಮೆ ಎಂದ. ಇನ್ನೊಮ್ಮೆ ಹೊಡೆದೆ. ಸಾಲಿನಲ್ಲಿದ್ದ ಒಂದು ಬಸ್ಸಿನಿಂದ ಚಪ್ಪಾಳೆ ಬಂತು.

ಪೊಲೀಸ್ ನಗುತ್ತಾ ಕಾರಿನೊಳಗೆ ಬಗ್ಗಿ, ಶಾಲೆ ಬ್ಯಾಗಿನ ಹಿಂದೆ ಮುಖ ಅಡಗಿಸಿ ಕೂತ ಮಗಳನ್ನು ಕೇಳಿದ: "ಇವರು ನಿನ್ನ ತಂದೆಯೇ?"

ಮಗಳು ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಅರಬ್ಬಿಯಲ್ಲಿ ಹೇಳಿದಳು: "ಅಲ್ಲ, ನಮ್ಮ ಡ್ರೈವರ್."

ಪಿಕ್‌ನಿಕ್

ಚಳಿಗಾಲ ಬಂದರೆ ನಮ್ಮ ಊರಿನವರೆಲ್ಲ ಸೇರಿ ಪಿಕ್‌ನಿಕ್ ಮಾಡುತ್ತೇವೆ. ಕೋರಿ ರೊಟ್ಟಿ, ಹಗ್ಗ ಜಗ್ಗಾಟ, ಕೊನೆಗೆ ಮದುವೆಯಾದವರಿಗೂ ಆಗದವರಿಗೂ ಕ್ರಿಕೆಟ್. ಮಗಳಿಗೆ ಆಗ ಹನ್ನೆರಡೋ ಹದಿಮೂರೋ. ಇವತ್ತು ಅವಳಿಗೆ ಅಪ್ಪ ಯಾರೆಂದು ತೋರಿಸಬೇಕು ಎಂದು ನಾನು ಪ್ಯಾಂಟು ಮಡಚಿ ಇಳಿದೆ. ಕ್ರಿಕೆಟ್ ನನ್ನ ಸ್ವಂತ ಆಟ, ಇಲ್ಲಿ ಮರ್ಯಾದೆ ಹೋಗುವ ಮಾತೇ ಇಲ್ಲ.

ಮೈಕು ಹಿಡಿದವರು, "ಈಗ ನಮ್ಮ ಕೋಚ್ ಸರ್, ಊರಿನ ಹೆಮ್ಮೆ!" ಎಂದು ಶುರುಮಾಡಿದರು. ಮೊದಲ ಚೆಂಡನ್ನೇ ತಳ್ಳಿದೆ. ಸಲೀಸಾದ ಒಂದು ರನ್ನು, ನಡೆದರೂ ಆಗುತ್ತಿತ್ತು. ಆದರೆ ಎಷ್ಟೋ ವರ್ಷ ಹಗಲೂ ರಾತ್ರಿ ಕೂಗಿದ ಮಾತು ನನ್ನ ಕಿವಿಯಲ್ಲೇ ಕೂತಿತ್ತಲ್ಲ! ನಾನು ಬ್ಯಾಟನ್ನು ಬಿಸಾಡಿದೆ. ಬಿಸಾಡಿ, ಬಲಕ್ಕೆ ತಿರುಗಿ, ಹೆಂಗಸರು ಕೂತಿದ್ದ ಚಾಪೆಯ ಕಡೆಗೆ ಓಡಿದೆ.

ಬ್ಯಾಟು ಹೋಗಿ ಮಜ್ಜಿಗೆಯ ಪಾತ್ರೆಗೆ ಬಿತ್ತು. ನಾನು ರನೌಟ್ ಆದದ್ದು ನನಗೆ ಗೊತ್ತಾಗುವಾಗ ಚಾಪೆಯ ಮೇಲೆ ಒಬ್ಬರು ಹಿರಿಯರು ಎದ್ದು, "ಎಂತ ಬೇಕಿತ್ತು ಮಾರ್ರೆ? ನೀರಾ?" ಎಂದು ಕೇಳುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಹೆಂಡತಿ ಮಾತ್ರ, "ಅಷ್ಟು ವರ್ಷ ಹೇಳಿದ್ದನ್ನು ಒಬ್ಬನಾದರೂ ಕಲಿತನಲ್ಲ, ಸಮಾಧಾನ ಮಾಡ್ಕೊಳ್ಳಿ" ಎಂದಳು.

ಮಗಳ ಷರತ್ತು

ಕಳೆದ ವರ್ಷ ಮಗಳು ನಮ್ಮ ಕಾಲೇಜಿಗೇ ಸೇರಿದಳು. ಮೊದಲ ವಾರ ಸುಮ್ಮನಿದ್ದಳು. ಎರಡನೇ ವಾರ ಊಟಕ್ಕೆ ಕೂತಾಗ ಇಂಗ್ಲಿಷಿನಲ್ಲಿ ಖಡಾಖಂಡಿತ ಹೇಳಿದಳು: ಕಾಲೇಜಿನಲ್ಲಿ ನನ್ನನ್ನು ಪುಟ್ಟಿ ಎಂದು ಕರೆಯಬಾರದು. ನೋಡಿ ನಗಬಾರದು. ಒಂದೇ ಕಾರಿನಲ್ಲಿ ಗೇಟಿನವರೆಗೆ ಬರುವುದು ಬೇಡ. ನೀವು ನನ್ನ ಅಪ್ಪ ಎಂದು ಯಾರಿಗೂ ಗೊತ್ತಾಗಬಾರದು, ಯಾರಿಗೂ.

"ಯಾಕೆ ಮಗಾ?" ಎಂದೆ.

"ಪಪ್ಪಾ, ಪ್ಲೀಸ್. ಡೋಂಟ್ ಆಸ್ಕ್."

ಕೇಳುವುದೇನಿದೆ? ಡ್ರೈವರ್ ಎಂದದ್ದು ನೆನಪಿತ್ತು, ಮಜ್ಜಿಗೆಯೂ ನೆನಪಿತ್ತು. ಆಯಿತು ಎಂದೆ. ಆ ಮೇಲೆ ಅವಳು ಕಾರಿಡಾರಿನಲ್ಲಿ ಎದುರು ಬಂದರೆ ನಾನು ನೋಟಿಸ್ ಬೋರ್ಡ್ ಓದುತ್ತಿದ್ದೆ. ಒಂದು ಸಲ ಬೋರ್ಡ್ ಇಲ್ಲದ ಕಡೆ ಎದುರಾದಳು. ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಪೂರ್ತಿ ಓದಿದೆ. ಅದನ್ನು ಕಂಡ ಡೈರೆಕ್ಟರ್ ಮೆಚ್ಚಿ, ನನ್ನನ್ನು ಅಗ್ನಿ ಸುರಕ್ಷತಾ ಸಮಿತಿಗೆ ಹಾಕಿದರು.

ಕೊನೆಯ ಪಂದ್ಯ

ನನ್ನ ಬೀಳ್ಕೊಡುಗೆಗೆಂದು ಹಳೇ ವಿದ್ಯಾರ್ಥಿಗಳಿಗೂ ಈಗಿನವರಿಗೂ ಒಂದು ಪಂದ್ಯ ಇಟ್ಟರು. ಇಡೀ ಕಾಲೇಜು ಬಂದಿತ್ತು. ಹುಡುಗಿಯರು ಕೂರುವ ಕಡೆ ಮೇಲಿನ ಸಾಲಿನಲ್ಲಿ ಮಗಳು ಗೆಳತಿಯರ ಜೊತೆ ಕೂತಿದ್ದಳು. ಹೆಂಡತಿ ಯಾರೋ ಅಪರಿಚಿತಳ ಹಾಗೆ ದೂರದಲ್ಲಿ ಕೂತಿದ್ದಳು. ಅವಳಿಗೂ ಷರತ್ತು ಅನ್ವಯಿಸುತ್ತಿತ್ತು.

ನನ್ನ ಲೆಕ್ಕಾಚಾರ ಸರಳ. ಬೆಂಚಿನಲ್ಲಿ ಕೂರುವುದು, ಹೂಗುಚ್ಛ ತೆಗೆದುಕೊಳ್ಳುವುದು, ಕೈ ಬೀಸುವುದು, ಹೊರಡುವುದು. ಮಗಳ ಮುಂದೆ ಒಂದು ದಿನ ಮಾನವಾಗಿ ಕಳೆದರೆ ಸಾಕು. ಆದರೆ ನಡುವೆ ಡೈರೆಕ್ಟರ್ ಮೈಕಿನಲ್ಲಿ, "ಈಗ ನಮ್ಮ ಕೋಚ್ ಒಂದು ಸಲ ಬ್ಯಾಟ್ ಹಿಡಿಯಬೇಕು, ಯಲ್ಲಾ!" ಎಂದು ಕೂಗಿಬಿಟ್ಟರು. ನನ್ನನ್ನು ಈ ಆಟಕ್ಕೆ ನೂಕಿದವರೂ ಅವರೇ, ಮುಗಿಸಿದವರೂ ಅವರೇ.

ಪಿಚ್ಚರ್ ಯಾರೆಂದು ನೋಡಿದರೆ, ಮೊದಲ ಪಂದ್ಯದಲ್ಲಿ "ನೋ! ನೋ!" ಎಂದ ಅದೇ ಹವಲ್ಲಿಯ ಹುಡುಗ. ಈಗ ಹೊಟ್ಟೆ ಬಂದಿದೆ, ಮೊಬೈಲ್ ಅಂಗಡಿ ಇಟ್ಟಿದ್ದಾನೆ. "ಸರ್, ಮೆಲ್ಲ ಹಾಕ್ತೇನೆ, ಹೆದರ್ಬೇಡಿ" ಎಂದ. ಹೇಳಿದ ಹಾಗೆ ಮೆಲ್ಲಗೇ ಹಾಕಿದ.

ನಾನು ಹೊಡೆದೆ. ನಿಜಕ್ಕೂ ಹೊಡೆದೆ! ಚೆಂಡು ಎದ್ದು, ಎಲ್ಲರ ತಲೆಯ ಮೇಲಿಂದ ದೂರಕ್ಕೆ ಹಾರಿತು. ಜನ ಹೋ ಎಂದರು. ಇಷ್ಟು ವರ್ಷಗಳಲ್ಲಿ ಅಂಥ ಹೊಡೆತ ನನ್ನ ಕೈಯಿಂದ ಬಂದದ್ದಿಲ್ಲ. ಮಗಳು ನೋಡಿದಳು, ನೋಡಿಯೇ ನೋಡಿದಳು ಎಂದು ಎದೆ ಉಬ್ಬಿತು. ಓಡಿದೆ.

ಓಡಿ ಓಡಿ ಎದುರಿಗೆ ಪಿಚ್ಚರನ ಹೊಟ್ಟೆ ಕಂಡಾಗಲೂ ನನಗೆ ಏನೂ ಅನ್ನಿಸಲಿಲ್ಲ. ಕೈಯಲ್ಲಿ ಬ್ಯಾಟು ಭದ್ರವಾಗಿತ್ತು. ಅವನಾದರೂ ತಡೆಯಬಾರದೇ? ಅವನೂ ಹವಲ್ಲಿಯ ಕಾರುಗಳ ನಡುವೆ ಬೆಳೆದವನು. ಸಭ್ಯವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಅವನ ಕಾಲಿನ ಹತ್ತಿರ ಬ್ಯಾಟು ಊರಿ, ತಿರುಗಿ, ಎರಡನೇ ರನ್ನಿಗೆ ಹೊರಟೆ.

ಮೈದಾನವೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹುಡುಗಿಯರ ಕಡೆಯಿಂದ ಒಂದು ಧ್ವನಿ ಬಂತು, ಅಚ್ಚ ಮಂಗಳೂರು ಕನ್ನಡದಲ್ಲಿ:

"ಪಪ್ಪಾ! ಬ್ಯಾಟ್ ಬಿಸಾಡು ಮಾರಾಯಾ!"

ಅದು ಮುಗಿಯುವುದರೊಳಗೆ ಇಡೀ ಮೈದಾನ ಎದ್ದು ನಿಂತಿತು. ಈಜಿಪ್ಟು, ಸಿರಿಯಾ, ಕುವೈತು, ಎಲ್ಲ ಒಂದೇ ಗಂಟಲಿನಲ್ಲಿ, "ಬಿಸಾಡು ಮಾರಾಯಾ! ಬಿಸಾಡು ಮಾರಾಯಾ!" ನಾನು ಬಿಸಾಡಿದೆ. ಅಷ್ಟರಲ್ಲಿ ಔಟಾಗಿ ಎಷ್ಟು ಹೊತ್ತಾಗಿತ್ತೋ ದೇವರಿಗೇ ಗೊತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಳ್ಳುತ್ತಾ ಬೆಂಚಿಗೆ ಬಂದು ತಲೆಗೆ ಟವೆಲ್ ಹೊದ್ದುಕೊಂಡೆ. ಆಟ ಮುಂದುವರಿಯಿತು. ನಮ್ಮ ಈಗಿನ ಹುಡುಗರು ಚೆನ್ನಾಗಿ ಆಡಿ ಒಬ್ಬೊಬ್ಬರಾಗಿ ಮೂರೂ ಬೇಸು ತುಂಬಿಸಿದರು. ಇನ್ನೇನು ಗೆಲ್ಲುತ್ತಿದ್ದರು.

ಯಾರೋ ಟವೆಲ್ ಎತ್ತಿದರು. ಮಗಳು. ಹಿಂದೆ ಗೆಳತಿಯರ ಗುಂಪು. ಅವರಲ್ಲೊಬ್ಬಳು, "ಇವರು ನಿನ್ನ ತಂದೆಯೇ?" ಎಂದು ಕೇಳಿದಳು. ಕೊಟ್ಟ ಮಾತು ನೆನಪಾಗಿ, ನಾನೇ ಮೊದಲು ಎದ್ದು, "ಅಲ್ಲ ಅಲ್ಲ, ನಾನು ಅವರ ಡ್ರೈವರ್" ಎಂದುಬಿಟ್ಟೆ.

"ಸುಳ್ಳು ಹೇಳ್ಬೇಡಿ ಪಪ್ಪಾ" ಎಂದಳು ಮಗಳು. ಕನ್ನಡದಲ್ಲಿ! "ಇವರಿಗೆಲ್ಲ ಈಗ ಗೊತ್ತಾಯ್ತು. ಫಸ್ಟ್ ವೀಕ್ ಹುಡುಗಿಯರ ಸಾಫ್ಟ್‌ಬಾಲ್ ಕ್ಲಾಸಲ್ಲಿ ನಾನು ಕೂಡ ಬ್ಯಾಟ್ ಹಿಡ್ಕೊಂಡೇ ಓಡಿದ್ದು. ಸ್ಟ್ರೇಟ್ ಪಿಚ್ಚರ್ ಹತ್ರ. ಆ ಹುಡುಗಿ ಓಡಿ ಹೋಗಿ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡ್ಳು. ಕೋಚ್ ಮಗಳು ಅಂತ ಗೊತ್ತಾದ್ರೆ ನಿಮ್ಮ ಮರ್ಯಾದೆ ಹೋಗ್ತದಲ್ಲ? ಅದಕ್ಕೇ ಯಾರಿಗೂ ಹೇಳ್ಬೇಡಿ ಅಂದದ್ದು."

ಒಂದು ವರ್ಷವಿಡೀ ನಾನು ಅವಳ ಮಾನಕ್ಕಾಗಿ ಸಿಲಿಂಡರ್ ಓದಿದೆ, ಅವಳು ನನ್ನ ಮಾನಕ್ಕಾಗಿ ನನ್ನನ್ನು ಓದಲು ಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ದೈವವೇ, ಈ ಮಗುವನ್ನು ನಾನು ಏನೆಂದುಕೊಂಡಿದ್ದೆ, ತಪ್ಪಾಯ್ತಪ್ಪಾ ಎಂದು ಎರಡೂ ಕೈ ಅಡ್ಡ ಮಾಡಿ ಕೆನ್ನೆ ಬಡಿದುಕೊಂಡೆ.

ಮೈದಾನದಲ್ಲಿ ಮೂವರೂ ಒಟ್ಟಿಗೆ ಓಡಿದರು.